ಡೊಂಕಯ್ಯ ಮತ್ತು ನಗೆಗನ್ನಡಿ

ಬಹಳ ಹಿಂದೆ ಹೇಮಗಿರಿ ಎಂಬ ರಾಜ್ಯವಿತ್ತು. ಕರ್ಕೋಟನೆಂಬ ಮಾಂತ್ರಿಕ ಅಲ್ಲಿನ ರಾಜನನ್ನು ಓಡಿಸಿ ಸಿಂಹಾಸನ ಏರಿದ. ಏರಿದವನೇ ಮನೆಮನೆಗೂ ಒಂದು ಪುಟ್ಟ ಕನ್ನಡಿ ತೂಗುಹಾಕಿಸಿದ. ಮನೆಯೊಳಗೆ ಯಾರಾದರೂ ಜಾರಿ ಬಿದ್ದರೆ ಆ ಕನ್ನಡಿ ಅದನ್ನು ಹಿಡಿದಿಡುತ್ತಿತ್ತು. ಸಂಜೆ ಅರಮನೆಯ ಅಂಗಳದ ದೊಡ್ಡ ಕನ್ನಡಿಯಲ್ಲಿ ಅದನ್ನು ಊರಿಗೆಲ್ಲ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕ ಕೂಡಲೇ ಬಿದ್ದವರು ಆ ದೊಡ್ಡ ಕನ್ನಡಿಯೊಳಗೆ ಸೇರಿಹೋಗುತ್ತಿದ್ದರು; ಆಮೇಲೆ ದಿನವೂ ಅದೇ ಬೀಳುವಿಕೆ, ಅದೇ ಪೆಟ್ಟು. ಎಲ್ಲ ಗೊತ್ತಿದ್ದೂ ನಾಚಿಕೆಗೆಟ್ಟ ಜನ ನಗುತ್ತಲೇ ಇದ್ದರು. ತಮ್ಮ ಮನೆಯವರು ಬೀಳುವಾಗ ಮಾತ್ರ ತಲೆ ತಗ್ಗಿಸುತ್ತಿದ್ದರು.

ಸೂತ್ರದ ಗೊಂಬೆ ಆಡಿಸುವ ಗೌರವ್ವ ಮಜ್ಜಿಗೆ ಗಡಿಗೆ ಹಿಡಿದು ಅಟ್ಟದ ಏಣಿಯಿಂದ ಬಿದ್ದಳು. ಊರೆಲ್ಲ ನಕ್ಕಿತು. ಅವಳೂ ಕನ್ನಡಿ ಸೇರಿದಳು.

ಅವಳ ಗೊಂಬೆಗಳಿಗೆ ಜೀವವಿತ್ತು. ಕೋಡಂಗಿ ಗೊಂಬೆ ಡೊಂಕಯ್ಯ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ. "ಅವ್ವ ದಿನಾ ಬೀಳೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ" ಎಂದು ಅತ್ತ.

"ಆ ಕನ್ನಡಿಗೆ ನಗುವೇ ಅನ್ನ. ಒಬ್ಬರು ಬಿದ್ದಾಗ ಯಾರೂ ನಗದೇ ಹೋದರೆ ಒಡೆದುಹೋಗುತ್ತೆ" ಎಂದಿತು ರಾಜನ ಗೊಂಬೆ. "ನಾನು ಹೋಗ್ತೀನಿ. ರಾಜನನ್ನು ನೋಡಿ ಯಾರು ನಗ್ತಾರೆ?"

ಸಂಜೆ ಗೊಂಬೆ ರಾಜ ದೊಡ್ಡ ಕನ್ನಡಿಯೊಳಗೆ ಇಳಿದು, ಗೌರವ್ವನನ್ನು ಹಿಡಿದುಕೊಳ್ಳಲು ಏಣಿ ಹತ್ತಿದ. ಮೆಟ್ಟಿಲು ಮುರಿಯಿತು, ಕಿರೀಟ ಮೂಗಿಗೆ ಬಂದು ಕೂತಿತು. ಜನ ನಕ್ಕರು. ಮರುದಿನ ಗೊಂಬೆ ರಾಕ್ಷಸ ಹೋದ. ಮೀಸೆ ಏಣಿಗೆ ಸಿಕ್ಕಿ ಧೊಪ್ಪನೆ ಬಿದ್ದ. ಜನ ಇನ್ನೂ ಜೋರಾಗಿ ನಕ್ಕರು. ಇಬ್ಬರೂ ಅಲ್ಲೇ ಉಳಿದರು.

ಮೂರನೆಯ ಸಂಜೆ ಡೊಂಕಯ್ಯ ಹೋದ. "ಬಾರಯ್ಯ, ನಿನಗೇ ಕಾಯ್ತಿದ್ದೆ" ಎಂದ ಕರ್ಕೋಟ.

ಡೊಂಕಯ್ಯ ಕನ್ನಡಿಯೊಳಗೆ ಇಳಿದ. ನಗಿಸುವುದು ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಕೈ ಮುಗಿದ, ನಕ್ಕರು. ನಗಬೇಡಿ ಎಂದು ಬೇಡಿಕೊಂಡ, ಬಿದ್ದು ಬಿದ್ದು ನಕ್ಕರು. ಇನ್ನು ಅವ್ವನನ್ನು ಬಿಡಿಸುವ ದಾರಿಯೇ ಇಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಅವಳಿಗೆ ಪೆಟ್ಟಾದರೂ ತಪ್ಪಲಿ ಎಂದು ಏಣಿಯ ಬುಡದಲ್ಲಿ ಅಂಗಾತ ಮಲಗಿದ.

"ಏಳೋ ಮಗನೇ, ಆಚೆ ಹೋಗು" ಎಂದಳು ಗೌರವ್ವ ಮೇಲಿನಿಂದ.

"ನೀನು ಬೀಳವ್ವ. ಕೆಳಗೆ ನಾನಿದ್ದೀನಿ."

ಅವಳು ಬಿದ್ದಳು. ಅವಳ ಭಾರಕ್ಕೆ ಡೊಂಕಯ್ಯನ ಮರದ ಮೈ ಲಟಕ್ಕನೆ ಮುರಿಯಿತು. ಗೌರವ್ವ ಮುಖದ ಮೇಲಿನ ಮಜ್ಜಿಗೆಯನ್ನೂ ಒರೆಸಿಕೊಳ್ಳಲಿಲ್ಲ. ಚೂರುಗಳನ್ನು ಮಡಿಲಿಗೆ ಆಯ್ದುಕೊಳ್ಳುತ್ತಾ ಬಾಯಿಬಿಟ್ಟು ಅತ್ತಳು.

ಅಂಗಳದಲ್ಲಿ ಯಾರೂ ನಗಲಿಲ್ಲ.

ದೊಡ್ಡ ಕನ್ನಡಿ ಒಡೆಯಿತು. ಕರ್ಕೋಟ ಹೊಗೆಯಾಗಿ ಹೋದ. ಒಳಗಿದ್ದವರೆಲ್ಲ ಹೊರಬಂದು ತಮ್ಮ ತಮ್ಮ ಮನೆ ಸೇರಿದರು, ಹೇಮಗಿರಿಯ ಜನ ಸುಖವಾಗಿ ಬಾಳಿದರು.

ಗೌರವ್ವನೂ ಆಟ ಆಡಿಸಿಕೊಂಡು ಬಾಳಿದಳು. ಹೊಸ ಕೋಡಂಗಿಯನ್ನು ಮಾತ್ರ ಮಾಡಲಿಲ್ಲ. ಅವನು ಬರಬೇಕಾದ ಹೊತ್ತಿಗೆ ರಂಗ ಖಾಲಿ ಇರುತ್ತಿತ್ತು. ಯಾಕಜ್ಜಿ ಎಂದು ಮಕ್ಕಳು ಕೇಳಿದರೆ, "ಇದು ಡೊಂಕಯ್ಯನ ಪಾತ್ರ ಕಣ್ರಪ್ಪ, ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ" ಎನ್ನುತ್ತಿದ್ದಳು.