ಕಟ್ಟೆಯಿಂದ ಕಾರಿನವರೆಗೆ

"ಮರತೆ ಅಂತ ಒಂದ ಮಾತು ಅಂದಬಿಡೋ ಮಾರಾಯಾ! ಅಷ್ಟಕ್ಕ ಮುಗಸ್ತೀನಿ!"

ಟಿಳಕವಾಡಿಯ ಆ ಮನೆಯ ಪಡಸಾಲೆಯಲ್ಲಿ ಕೂತ ಮೇಲೆ ರೇಣವ್ವ ಹೀಗೆ ಕೂಗಿದ್ದು ಎಷ್ಟನೆಯ ಸಲವೋ. ಎದುರಿಗೆ ನಿಂತಿದ್ದ ಅವಳ ಡ್ರೈವರ್ ಅಯಾಜ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದ.

"ಮರತಿಲ್ರಿ ಅವ್ವಾರ. ಲಾಕ್ ಮಾಡೇನಿ."

ಚಹಾದ ತಟ್ಟೆ ಹಿಡಿದು ನಿಂತಿದ್ದ ನಾಗಲಿಂಗನಿಗೆ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಬೇಕೆನ್ನಿಸಿತು. ಆದರೆ ಅವರು ಬಂದದ್ದು ಅವನ ಹೆಂಡತಿ ತ್ರಿವೇಣಿಯ ಹತ್ತಿರ. ಅವಳು ಪೊಲೀಸ್ ವೈರ್‌ಲೆಸ್ ವಿಭಾಗದಿಂದ ನಿವೃತ್ತಳಾದ ಮೇಲೆ, ಓಣಿಯಲ್ಲಿ ಏನು ಕಳೆದರೂ ಜನ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ನಾಗಲಿಂಗನ ಪಾಲಿಗೆ ಬಂದದ್ದು ಚಹಾ ಕುದಿಸುವುದು, ಕಾರು ಓಡಿಸುವುದು, ಸಿಟ್ಟು ನುಂಗುವುದು.

ಆದದ್ದು ಇಷ್ಟು. ರವಿವಾರ ರೇಣವ್ವನ ಕಿರಿಯ ಮಗಳು ಮಾಲಾಳ ನಿಶ್ಚಿತಾರ್ಥ ಖಾನಾಪುರದಲ್ಲಿ, ಗಂಡಿನ ತಂದೆ ಗಜಾನನನ ಮನೆಯಲ್ಲಿ ನಡೆದಿತ್ತು. ಓಣಿ ಇಕ್ಕಟ್ಟಾದ್ದರಿಂದ ಕಾರುಗಳನ್ನು ದೂರದ ಹುಣಸೆ ಮರದ ಕೆಳಗೆ ನಿಲ್ಲಿಸಿದ್ದರು. ಅಯಾಜ ಮನೆಯ ಮುಂದಿನ ಕಟ್ಟೆಗೆ ಬಂದು ಕೂತು, ಅಲ್ಲಿಂದಲೇ ರಿಮೋಟ್ ಒತ್ತಿ ಕಾರನ್ನು ಲಾಕ್ ಮಾಡಿದನಂತೆ. ಮಗಳ ಕೊರಳಿಗೆ ಚಿನ್ನದ ಗುಂಡುಗಳ ಬೋರಮಾಳ ಸರ ಹಾಕುವ ಹೊತ್ತಾದಾಗ, ಕಾರಿನಲ್ಲೇ ಇಟ್ಟಿದ್ದ ಅದನ್ನು ತರಲು ಗಜಾನನ ಅಯಾಜನ ಜೊತೆ ಹೋದ. ಅಯಾಜ ರಿಮೋಟ್ ಒತ್ತುವ ಮೊದಲೇ ಗಜಾನನ ಕೈ ಹಾಕಿ ಎಳೆದ ಕೂಡಲೇ ಬಾಗಿಲು ತೆರೆದುಕೊಂಡಿತು. ಡಬ್ಬಿ ಇತ್ತು, ಒಳಗೆ ಸರ ಇರಲಿಲ್ಲ.

"ಕಟ್ಟಿ ಮ್ಯಾಲಿಂದ ನಾನ ಒತ್ತಿ ನೋಡೇನ್ರಿ ತ್ರಿವೇಣಿಬಾಯಿ," ಎಂದಳು ರೇಣವ್ವ. "ಆ ದರಿದ್ರ ರಿಮೋಟು ಅಲ್ಲಿಂದ ಮುಟ್ಟೂದ ಇಲ್ಲ. ಮರತೆ ಅಂದ್ರ ಮರವು ಅನ್ಕೋತೀನಿ. ಸುಳ್ಳ ಹೇಳಿದ್ರ ಕಳ್ಳ ಅನ್ನದ ಏನ್ ಅನ್ಲಿ? ನಾಳಿ ಠಾಣೇಕ ಹೋಗಾಕಿ ನಾ."

"ಲಾಕ್ ಆಗಿದ್ದು ಹೆಂಗ ಗೊತ್ತಾತು?" ತ್ರಿವೇಣಿ ಅಯಾಜನನ್ನು ಕೇಳಿದಳು.

"ಲಾಕ್ ಆದ್ರ ಎರಡೂ ಬಾಜೂಕಿನ ಕನ್ನಡಿ ಮಡಚಿಕೋತಾವ್ರಿ. ಮಡಚಿದ್ವು, ನೋಡಿದೆ."

"ಆಮ್ಯಾಲೆ ಕಾರಿನ ಹತ್ರ ಯಾರ್ ಹೋಗಿದ್ರು?"

"ಕಳ್ರು ಯಾರೂ ಇಲ್ರಿ. ಪ್ರಮಿಳಕ್ಕಾರು ತಡಾ ಆಗಿ ಬಂದು, ಬಾಜೂಕ, ನಮ್ಮ ಕಾರು ಮರಿ ಆಗೂಹಂಗ, ತಮ್ಮ ಗಾಡಿ ಹಚ್ಚಿ, ಕುಂಕುಮದ ಭರಣಿ ತಗೊಂಡು ಒಳಗ ಹೋದ್ರು."

ಪ್ರಮಿಳಾ ರೇಣವ್ವನ ಹಿರಿಯ ಮಗಳು, ಮದುವೆಯಾಗಿ ಜಾಂಬೋಟಿಗೆ ಹೋದವಳು. ಆ ಬೆಳ್ಳಿಯ ಭರಣಿ ಮರೆತು ಬಂದಿದ್ದರೆಂದು, ತಾಯಿಯ ಕಪಾಟಿನ ಕೀಲಿ ಇಸಿದುಕೊಂಡು ಟಿಳಕವಾಡಿಯ ತವರುಮನೆಗೆ ಹೋಗಿ ತಂದಿದ್ದಳು.

"ಕಾರಿನ ಇನ್ನೊಂದು ಕೀಲಿ?"

"ಅದೂ ಕಪಾಟನ್ಯಾಗ ಬಿದ್ದೈತಿ. ಸೆಲ್ ಹೋಗಿ ವರ್ಷಾತು, ಸತ್ತ ಕೀಲಿ ಅದು," ಎಂದಳು ರೇಣವ್ವ.

"ಒತ್ತಿ ನೋಡಬ್ಯಾಡ್ರಿ. ಹಂಗ ತಗೊಂಡು ನಾಳೆ ಖಾನಾಪುರಕ್ಕ ಬರ್ರಿ. ಪ್ರಮಿಳಾನೂ ಬರ್ಲಿ."

ಮರುದಿನ ಖಾನಾಪುರದಲ್ಲಿ ನಾಗಲಿಂಗನ ತಾಳ್ಮೆ ಪೂರ್ತಿ ಕೆಟ್ಟಿತು. ತ್ರಿವೇಣಿ ಮೊದಲು ಗಜಾನನನ ಮೊಬೈಲ್ ಇಸಿದುಕೊಂಡು ಫೋಟೋ ನೋಡುತ್ತ ಕೂತಳು. ಫಳಾರದ ಫೋಟೋ, ಆರತಿಯ ಫೋಟೋ, ಯಾರದೋ ಅಜ್ಜಿ ಆಕಳಿಸುವ ಫೋಟೋ. ಆಮೇಲೆ ರೇಣವ್ವನ ಕಾರನ್ನು ಅದೇ ಹುಣಸೆ ಮರದ ಕೆಳಗೆ ನಿಲ್ಲಿಸಲು ಹೇಳಿ, ಗಂಡನ ಕೈಗೆ ಅಯಾಜನ ರಿಮೋಟ್ ಕೊಟ್ಟು ಕಟ್ಟೆಯ ಮೇಲೆ ನಿಲ್ಲಿಸಿದಳು. ಅವನು ಕೈ ಚಾಚಿ ಒತ್ತಿದ, ತಲೆಯ ಮೇಲೆ ಎತ್ತಿ ಒತ್ತಿದ, ತುದಿಗಾಲಲ್ಲಿ ನಿಂತು ಒತ್ತಿದ. ಕಾರು ಕಣ್ಣು ಮಿಟುಕಿಸಲಿಲ್ಲ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

"ಸಾಕ ಮಾಡ ತ್ರಿವೇಣಿ! ಮುಟ್ಟೂದಿಲ್ಲ ಅಂದ್ರ ಮುಟ್ಟೂದಿಲ್ಲ!"

"ಅಯಾಜನ ಕೈಗೆ ಕೊಡ್ರಿ."

ಅಯಾಜ ಕಟ್ಟೆ ಹತ್ತಿದ. ಯೋಚಿಸದೆ, ರೂಢಿಯಂತೆ, ರಿಮೋಟನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಗುಂಡಿ ಅದುಮಿದ. ಹುಣಸೆ ಮರದ ಕೆಳಗೆ ದೀಪ ಮಿನುಗಿತು, ಕನ್ನಡಿಗಳೆರಡೂ ಮಡಚಿಕೊಂಡವು.

ಗಜಾನನ ಬೆರಗಾದ. "ಅಹೋ, ಇದೇನ ಮಂತ್ರ ಹಾಕಿದಿಯೋ?"

"ಮಂತ್ರ ಅಲ್ರಿ, ತಲಿ," ಎಂದಳು ತ್ರಿವೇಣಿ. "ತಲ್ಯಾಗ ನೀರಿನಂಶ ಭಾಳ. ರಿಮೋಟು ಗದ್ದಕ್ಕ ಹಚ್ಚಿದ್ರ ತಲಿನೂ ಆಂಟೆನಾದ ಗತೆ ಕೆಲಸ ಮಾಡ್ತದ, ಸಿಗ್ನಲ್ ಇನ್ನಷ್ಟು ದೂರ ಹೋಗ್ತದ. ವೈರ್‌ಲೆಸ್‌ನ್ಯಾಗ ಇದ್ದಾಗ ನಾವೂ ನೋಡೇವಿ."

"ನನಗ್ಯಾಕ ಮೊದಲ ಹೇಳ್ಲಿಲ್ಲ?" ನಾಗಲಿಂಗ ಗುಡುಗಿದ.

"ಕೈಯಾಗ ಹಿಡಿದ್ರ ಮುಟ್ಟೂದಿಲ್ಲ ಅನ್ನೂದೂ ಎಲ್ಲಾರಿಗೂ ಕಾಣಬೇಕಿತ್ತಲ್ರಿ."

ಎಲ್ಲರೂ ಪಡಸಾಲೆಯಲ್ಲಿ ಕೂತರು. ತ್ರಿವೇಣಿ ಮೊಬೈಲನ್ನು ರೇಣವ್ವನ ಮುಂದೆ ಹಿಡಿದಳು. ಆರತಿಯ ಫೋಟೋದ ಹಿನ್ನೆಲೆಯಲ್ಲಿ ಕಾರು ಕಾಣುತ್ತಿತ್ತು, ಕನ್ನಡಿ ಮಡಚಿತ್ತು.

"ಅಯಾಜ ಲಾಕ್ ಮಾಡಿದ್ದು ಖರೇ. ಗಾಜು ಒಡದಿಲ್ಲ, ಬಾಗಿಲಾ ಮುರದಿಲ್ಲ. ಅಂದ್ರ ಕೀಲಿಯಿಂದನ ತೆಗದಾರ. ಅಯಾಜ ತೆಗದಿದ್ರ? ಮರತೆ ಅಂದಿದ್ರ ಸಾಕಿತ್ತು, ನೀವ ಬಿಡ್ತಿದ್ರಿ. ಕಳ್ಳಗ ಅಂಥಾ ಚಲೋ ದಾರಿ ಮತ್ತೊಂದ ಇರ್ಲಿಲ್ಲ. ಅವ ಆ ದಾರಿ ಹಿಡೀಲಿಲ್ಲ. ಹಂಗಾರ ಉಳಿದದ್ದು ಇನ್ನೊಂದು ಕೀಲಿ."

"ಅದು ಸತ್ತೈತಲ್ರಿ," ಎಂದಳು ರೇಣವ್ವ.

"ಬಾಗಿಲದಾಗ ನಿಂತು ಗದ್ದಕ್ಕ ಹಿಡಿದು ಒತ್ರಿ."

ರೇಣವ್ವ ಒತ್ತಿದಳು. ದೂರದ ಕಾರು ದೀಪ ಮಿನುಗಿಸಿ ಕನ್ನಡಿ ಬಿಚ್ಚಿತು. ತ್ರಿವೇಣಿ ಆ ಕೀಲಿಯ ಮುಚ್ಚಳ ಬಿಚ್ಚಿದಳು. ಒಳಗೆ ಥಳಥಳ ಹೊಳೆಯುವ ಹೊಸ ಸೆಲ್.

"ವರ್ಷದ ಹಿಂದ ಸತ್ತದ್ದಕ್ಕ ಯಾರೋ ಜೀವಾ ಕೊಟ್ಟಾರ. ಅವತ್ತು ಕಪಾಟಿಗೆ ಕೈ ಹಾಕಿದಾಕಿ ಒಬ್ಬಾಕಿನ. ಕಾರಿನ ಬಾಜೂಕ ಗಾಡಿ ಹಚ್ಚಿದಾಕಿನೂ ಆಕಿನ. ಮದುಮಗಳ ಅಕ್ಕನ ಮ್ಯಾಲೆ ಸಂಶಯ ಯಾರಿಗೆ ಬರ್ತದ?"

ಪ್ರಮಿಳಾ ತಲೆ ಎತ್ತಲಿಲ್ಲ. ರೇಣವ್ವ ಮಗಳ ಕಡೆ ತಿರುಗಿದಳು.

"ಅಜ್ಜಿ ಅದನ್ನ ನನ್ನ ಕೊರಳಿಗೆ ಹಾಕಿ, ನಿಂದ ಅಂದಿದ್ಲು," ಎಂದಳು ಪ್ರಮಿಳಾ ಕೊನೆಗೆ. "ನನ್ನ ಲಗ್ನದಾಗ ಅವ್ವ, ಆಮ್ಯಾಲೆ ಕೊಡ್ತೀನಿ ಅಂದ್ಲು. ಕೇಳಿದಾಗೊಮ್ಮೆ ಅದ ಮಾತು. ಈಗ ಮಾಲಾಗ ಕೊಡಾಕ ನಿಂತಾಗ ತಡಕೊಳ್ಳಾಕ ಆಗ್ಲಿಲ್ಲ. ಸರ ಜಾಂಬೋಟಿ ಮನ್ಯಾಗ ಐತಿ. ಆ ರಾತ್ರಿ ಭರಣಿ ಇಡಾಕ ಬಂದಾಗ ಕೀಲಿನೂ ತಿರುಗಿ ಕಪಾಟನ್ಯಾಗ ಇಟ್ಟೆ. ಬೇಕಂತನ ಕಾರ ಲಾಕ್ ಮಾಡದ ಬಂದೆ. ಅಯಾಜ ಮರತ ಅಂತ ಅವ್ವ ನಾಲ್ಕ ಮಾತ ಬೈದು ಸುಮ್ಮನಾಗ್ತಾಳ ಅನ್ಕೊಂಡೆ. ಇವ ಇಷ್ಟ ಹಟಾ ಹಿಡೀತಾನಂತ ನನಗೇನ ಗೊತ್ತು?"

ನಾಗಲಿಂಗನಿಗೆ ನಾಚಿಕೆಯಾಯಿತು. ಆ ಹಟಕ್ಕೆ ತಾನೂ ನಿನ್ನೆಯಿಂದ ಮನಸ್ಸಿನಲ್ಲೇ ಬೈದಿದ್ದ.

ಗಜಾನನ ಗಂಟಲು ಸರಿಪಡಿಸಿಕೊಂಡು, ಇದು ಈ ಮನೆಯ ಹೊಸ್ತಿಲು ದಾಟುವುದಿಲ್ಲ, ಸಂಬಂಧ ಹಾಗೇ ಇರುತ್ತದೆ ಎಂದ. ರೇಣವ್ವ ಎದ್ದು ಹೊರಗೆ ಬಂದಳು. ಅಯಾಜ ಕಾರಿನ ಬಳಿ ನಿಂತಿದ್ದ.

"ತಪ್ಪಾತಪಾ ಅಯಾಜ," ಎಂದಳು. "ನಡಿ, ಮನಿಗೆ ಹೋಗೂಣು."

"ಮನಿ ಮುಟ್ಟಸ್ತೀನ್ರಿ ಅವ್ವಾರ," ಎಂದ ಅಯಾಜ ಮೆಲ್ಲಗೆ. "ನಾಳಿಂದ ಬ್ಯಾರೆ ಯಾರನ್ನರ ನೋಡ್ಕೋರಿ."

ಅವನು ಹಿಂದಿನ ಬಾಗಿಲು ತೆರೆದು ಹಿಡಿದ. ರೇಣವ್ವ ಹತ್ತದೆ ಅವನ ಮುಖ ನೋಡುತ್ತ ನಿಂತಳು.