ಆ ಫೋನಿನಲ್ಲಿಲ್ಲದ ದೋಷ

"ಟೀಚರ್, ಬ್ರೇಕ್... ಬ್ರೇಕ್!"

ಹೇಳಿ ಮುಗಿಸುವ ಮೊದಲೇ, ಪಕ್ಕದ ಸೀಟಿನಲ್ಲಿ ಕೂತು ಕಾರು ಕಲಿಸುತ್ತಿದ್ದ ಅವಳು ತನ್ನ ಕಾಲಡಿಯ ಬ್ರೇಕನ್ನು ಒತ್ತಿಯಾಗಿತ್ತು. ಹಿಂದಕ್ಕೆ ಬರುತ್ತಿದ್ದ ಕಾರು ಮೈದಾನದ ಧೂಳೆಬ್ಬಿಸಿ, ಒಮ್ಮೆ ಮುಗ್ಗರಿಸಿ ನಿಂತಿತು.

ಇಳಿದು ಓಡಿದಳು. ಚಕ್ರಕ್ಕೆ ಮೊಳ ದೂರದಲ್ಲಿ ಒಬ್ಬ ಮನುಷ್ಯ ಬೋರಲು ಬಿದ್ದಿದ್ದಾನೆ. ಎದೆಗೆ ಏನನ್ನೋ ಅವಚಿಕೊಂಡಿದ್ದಾನೆ. ಅವಳ ಜೀವ ಬಾಯಿಗೆ ಬಂತು.

"ರೀ... ಪೆಟ್ಟಾಯ್ತಾ?"

ಅವನು ನಿಧಾನವಾಗಿ ಅಂಗೈ ಬಿಡಿಸಿ ನೋಡಿದ. "ಇಲ್ಲ ಮೇಡಂ. ಒಂದು ಗೀರೂ ಬಿದ್ದಿಲ್ಲ."

"ನಾನು ಕೇಳಿದ್ದು ನಿಮ್ಮನ್ನ."

"ಓ, ನನಗಾ? ಮೊಣಕೈ ತರಚಿದೆ ಅನ್ಸುತ್ತೆ."

ಅವನ ಕೈಯಲ್ಲಿದ್ದದ್ದು ಒಂದು ಫೋನು. ಕಡುನೀಲಿ ಬಣ್ಣ, ತೆಳ್ಳಗಿನ ಮೈ, ಬೆನ್ನ ಮೇಲೆ ಬೆಳಕು ಬಿದ್ದರೆ ನವಿಲುಗರಿಯ ಹೊಳಪು. ಅದನ್ನು ಕಲ್ಲಿನ ಮೇಲಿಟ್ಟು ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಿದ್ದನಂತೆ. ಕಾರು ಬಂದದ್ದು ಕಂಡು ಫೋನು ಉಳಿಸಲು ಹಾರಿದನಂತೆ.

ಅವಳಿಗೆ ಪಿತ್ತ ನೆತ್ತಿಗೇರಿತು.

"ನಿಮಗೆ ಬುದ್ಧಿಗಿದ್ಧಿ ಇದೆಯೇನ್ರೀ? ಕಾರು ಕಲಿಸೋ ಮೈದಾನ ಅಂತ ಅಷ್ಟು ದೊಡ್ಡ ಬೋರ್ಡ್ ಹಾಕಿದೀವಿ. ಫೋನ್ ಹೋದ್ರೆ ಇನ್ನೊಂದು ಬರುತ್ತೆ, ತಲೆ ಹೋದ್ರೆ ಯಾವ ಅಂಗಡೀಲಿ ಸಿಗುತ್ತೆ?"

ಅವನು ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದ.

"ಮೇಡಂ, ನೀವು ದಿನಾ ಇಷ್ಟು ಹೊತ್ತು ಬಿಸಿಲು, ಧೂಳಲ್ಲೇ ಇರ್ತೀರಾ? ಫೋನ್ ಕರೆ ಎಷ್ಟು ಬರುತ್ತೆ?"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. 'ಇದೆಂಥಾ ಪ್ರಾಣಿ...'

ಪ್ರಾಣಿಯ ಪರಿಚಯ ಹೇಳಿಬಿಡೋಣ. ಅವನು ಒಂದು ವಾರಪತ್ರಿಕೆಯಲ್ಲಿ ಹೊಸ ಫೋನುಗಳ ಗುಣದೋಷ ಬರೆಯುವವನು. ಅವನದೊಂದು ಪದ್ಧತಿ ಇತ್ತು. ಫೋನನ್ನು ಹದಿನೈದು ದಿನ ದುಡಿಯುವ ಒಬ್ಬರ ಕೈಗೆ ಕೊಡುವುದು, ಅವರು ಹೇಳಿದ್ದನ್ನು ತಾನೂ ಅಳೆದು ನೋಡುವುದು, ಎರಡೂ ತಾಳೆಯಾದರಷ್ಟೇ ಬರೆಯುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಜಾತಿ. ಒಂಬತ್ತು ವರ್ಷದಿಂದ ಜನ ಅವನ ಬರಹ ಓದಿ, ಕಣ್ಣುಮುಚ್ಚಿ ಫೋನು ಕೊಳ್ಳುತ್ತಿದ್ದರು.

ಅವಳು ಅಪ್ಪನ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುವವಳು. ಕಲಿಯುವವರೆಲ್ಲ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಮಾತ್ರ ಪುಟ್ಟಿ.

ಆ ದಿನ ಸ್ಟೇರಿಂಗ್ ಹಿಡಿದಿದ್ದವರು ಟೀಚರಮ್ಮ. ಗಣಿತ ಕಲಿಸಿ ನಿವೃತ್ತರಾಗಿ, ಅರವತ್ತೊಂದನೇ ವಯಸ್ಸಿನಲ್ಲಿ ಕಾರು ಕಲಿಯಲು ಬಂದವರು. ಅವನು ಫೋನನ್ನು ಅವಳ ಮುಂದೆ ಹಿಡಿದು ವಿಷಯ ಹೇಳಿದಾಗ ಅವರು ಕಿಟಕಿಯಿಂದ ತಲೆ ಹಾಕಿ ತೀರ್ಪು ಕೊಟ್ಟರು.

"ತಗೊಳ್ಳೇ. ನಿನ್ನ ಹಳೇ ಫೋನಲ್ಲಿ ಮಾತಾಡಿದ್ರೆ ಬಾವಿಯೊಳಗಿಂದ ಕೂಗಿದ ಹಾಗಿರುತ್ತೆ."

ಹೀಗೆ ಆ ನೀಲಿ ಫೋನು ಅವಳ ಕೈಸೇರಿತು.

ದಿನವೂ ಸಂಜೆ ಐದಕ್ಕೆ ಅವನು ಬರುತ್ತಿದ್ದ. ಸ್ಕೂಲಿನ ಆಫೀಸಿನ ಮುಂದಿನ ಬೆಂಚಿನ ಮೇಲೆ ಕೂತು, ಪುಸ್ತಕ ಬಿಡಿಸಿ ಪ್ರಶ್ನೆ ಶುರು.

"ನೋಡೋಕೆ ಹೇಗಿದೆ?"

"ನೋಡೋಕೇನು, ಮದುಮಗನ ಹಾಗಿದೆ. ಆದ್ರೆ ಸೋಪಿನ ಹಾಗೆ ಜಾರುತ್ತೆ. ಬೆನ್ನ ಮೇಲೆ ಬೆರಳಚ್ಚು ಬೇರೆ. ಪೊಲೀಸರಿಗೆ ಕೊಡಿ, ಅನುಕೂಲ ಆಗುತ್ತೆ."

"ಬಿಸಿಲಲ್ಲಿ ಅಕ್ಷರ ಕಾಣುತ್ತಾ?"

"ಕಾಣುತ್ತೆ. ಹಳೇದರಲ್ಲಿ ದೇವರ ಮೇಲೆ ಭಾರ ಹಾಕಿ ಫೋನ್ ಎತ್ತುತ್ತಿದ್ದೆ."

"ಫೋಟೋ?"

"ಹಗಲಲ್ಲಿ ಚೆನ್ನಾಗಿ ಬರುತ್ತೆ. ಮಬ್ಬು ಬೆಳಕಲ್ಲಿ ತೆಗೆದ್ರೆ ನಮ್ಮಪ್ಪ ನಮ್ಮ ತಾತನ ಹಾಗೆ ಕಾಣ್ತಾರೆ."

ಒಳಗಿನಿಂದ ಅಪ್ಪ ಕೆಮ್ಮಿದರು. ಅವನು ನಕ್ಕ. ಅವನು ನಗುವುದು ಅಪರೂಪ. ನಕ್ಕಾಗ ಬರೆಯುವ ಕೈ ನಿಂತುಬಿಡುತ್ತಿತ್ತು, ಆ ನಿಂತ ಕೈ ನೋಡುವುದಕ್ಕಾಗಿಯೇ ಅವಳು ಮಾತಿಗೆ ಮಸಾಲೆ ಹಾಕತೊಡಗಿದಳು.

"ಬ್ಯಾಟರಿ?"

"ಬೆಳಿಗ್ಗೆ ಆರಕ್ಕೆ ತೆಗೆದ್ರೆ ಮಲಗೋವರೆಗೂ ಇರುತ್ತೆ. ಈ ಒಂದು ವಿಷಯಕ್ಕೆ ಕೈ ಮುಗೀಬೇಕು."

ಇಷ್ಟೆಲ್ಲ ಅಳೆಯುವವನ ಸ್ವಂತ ಫೋನು ಯಾವುದು ಗೊತ್ತೇ? ಹಳೇ, ಗುಂಡಿ ಒತ್ತುವ ಫೋನು. ಅದಕ್ಕೂ ಚಾರ್ಜ್ ಹಾಕುವುದು ಮರೆತುಹೋಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ.

ಹದಿನಾಲ್ಕನೇ ದಿನ ಅವನು ಪುಸ್ತಕ ಮುಚ್ಚಿದ.

"ಎಲ್ಲ ತಾಳೆ ಆಯ್ತು ಮೇಡಂ. ನಾಳೆ ಫೋನ್ ವಾಪಸ್ ತಗೊಂಡು ಹೋಗ್ತೀನಿ. ನಿಮಗೆ ತುಂಬ ತೊಂದರೆ ಕೊಟ್ಟೆ."

'ನಾಳೆ...? ನಾಳಿದ್ದಿನಿಂದ ಐದು ಗಂಟೆಗೆ ನಾನೇನು ಮಾಡಲಿ?'

ಆಗ ಬಾಯಿ ತಾನಾಗಿ ಮಾತಾಡಿಬಿಟ್ಟಿತು.

"ಒಂದು ತೊಂದರೆ ಇದೆ. ಎರಡು ದಿನದಿಂದ ಬ್ಯಾಟರಿ ಮಧ್ಯಾಹ್ನಕ್ಕೇ ಸಾಯ್ತಿದೆ."

ಅವನ ಹುಬ್ಬು ಗಂಟಾಯಿತು. ಮುಚ್ಚಿದ ಪುಸ್ತಕ ಮತ್ತೆ ತೆರೆಯಿತು.

"ಹೊಸ ಫೋನ್ ಎರಡೇ ವಾರಕ್ಕೆ ಹೀಗಾದ್ರೆ ಜನಕ್ಕೆ ಹೇಳಲೇಬೇಕು. ನಾನೇ ಜೊತೆಗಿದ್ದು ನೋಡ್ತೀನಿ."

ಮರುದಿನದಿಂದ ಅವನು ಪಾಠದ ಕಾರಿನ ಹಿಂದಿನ ಸೀಟಿನಲ್ಲಿ ಬಂದು ಕೂತ. ಮಡಿಲಲ್ಲಿ ಬ್ಯಾಟರಿ ಅಳೆಯುವ ಪುಟ್ಟ ಮೀಟರು, ಕೈಯಲ್ಲಿ ಪುಸ್ತಕ, ಮುಖದಲ್ಲಿ ಪ್ರಾಣಭಯ. ಟೀಚರಮ್ಮ ಒಂದೊಂದು ತಿರುವು ತಿರುಗಿಸಿದಾಗಲೂ ಅವನು ಬಾಗಿಲಿನ ಹಿಡಿಗೆ ಜೋತುಬೀಳುತ್ತಿದ್ದ.

"ಅಳತೆ ಸಾರ್, ಬದುಕಿದ್ದೀರಾ?" ಅಂತ ಟೀಚರಮ್ಮ ಕೇಳುತ್ತಿದ್ದರು.

"ಎಪ್ಪತ್ತೆರಡು ಪರ್ಸೆಂಟ್ ಟೀಚರ್."

ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಇಷ್ಟು ಖುಷಿಯಾಗಿ ತಾನು ಯಾವತ್ತೂ ಕೆಲಸ ಮಾಡಿದ್ದೇ ಇಲ್ಲ ಅನ್ನಿಸಿತು. ಆದರೆ ಸುಳ್ಳು ಒಂಟಿಯಾಗಿ ಬದುಕುತ್ತದೆಯೇ? ಮೀಟರಿನಲ್ಲಿ ದೋಷ ಕಾಣದಿದ್ದಾಗ "ನೀವಿರೋವಾಗ ಸರಿ ಇರುತ್ತೆ, ನೀವು ಹೋದಮೇಲೆ ಬಿದ್ದು ಹೋಗುತ್ತೆ" ಎಂದಳು. ಅದು ಫೋನಿನ ವಿಷಯವಲ್ಲ, ತನ್ನದೇ ವಿಷಯ ಎಂದು ಹೇಳಿದ ಮೇಲೆ ಗೊತ್ತಾಗಿ ಕೆನ್ನೆ ಬಿಸಿಯಾಯಿತು. ಅವನು ಮಾತ್ರ ಅಕ್ಷರ ಬಿಡದೆ ಬರೆದುಕೊಂಡ.

ಒಂದು ದಿನ ಅವನು ನೀರು ಕುಡಿಯಲು ಇಳಿದಾಗ, ಸೀಟಿನ ಮೇಲೆ ಬಿಟ್ಟುಹೋದ ಪುಸ್ತಕದ ಮೇಲೆ ಅವಳ ಕಣ್ಣು ಬಿತ್ತು. ಪುಟದ ನೆತ್ತಿಯಲ್ಲಿ ಬರೆದಿತ್ತು: 'ಬಳಕೆದಾರರು, ಸಂಖ್ಯೆ ಐವತ್ತಮೂರು.'

ಅಷ್ಟೇ. ಹೆಸರೂ ಇಲ್ಲ.

'ಐವತ್ತೆರಡು ಜನ ಆದಮೇಲೆ ನಾನು. ನನ್ನ ನಂತರ ಐವತ್ತನಾಲ್ಕು... ಫೋನ್ ಸರಿ ಇದೆ ಅಂದ ಮರುಕ್ಷಣ ಇವರು ಎದ್ದು ಹೋಗ್ತಾರೆ.' ನಿಜ ಹೇಳುವ ಧೈರ್ಯ ಅಲ್ಲಿಗೆ ಪೂರ್ತಿ ಕರಗಿತು.

ಹೀಗೇ ಹನ್ನೊಂದು ದಿನ ಕಳೆಯಿತು. ಹನ್ನೆರಡನೇ ದಿನ ಅವನು ಬರಲಿಲ್ಲ. ಮಧ್ಯಾಹ್ನ ಮೂರಕ್ಕೆ, ಟೀಚರಮ್ಮ ಸಿಗ್ನಲಿನಲ್ಲಿ ಕಾರು ನಿಲ್ಲಿಸಿದ್ದಾಗ ನೀಲಿ ಫೋನಿಗೆ ಅವನ ಲೇಖನ ಬಂತು. ಅಚ್ಚಿಗೆ ಹೋಗುವ ಮುಂಚೆ ಬಳಸಿದವರಿಗೆ ಒಮ್ಮೆ ತೋರಿಸುವುದು ಅವನ ಪದ್ಧತಿ. ಕೆಳಗೆ 'ನಾಲ್ಕಕ್ಕೆ ಅಚ್ಚಿಗೆ' ಎಂದಿತ್ತು.

ಅವಳು ಕೊನೆಯ ಸಾಲುಗಳನ್ನು ಓದಿದಳು.

'ನನ್ನ ಮೀಟರಿನ ಪ್ರಕಾರ ಬ್ಯಾಟರಿಯಲ್ಲಿ ದೋಷವಿಲ್ಲ. ಬಳಸಿದವರು ದೋಷವಿದೆ ಎನ್ನುತ್ತಾರೆ. ಅವರು ಸುಳ್ಳಾಡುವವರಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಮೀಟರನ್ನು ಬಿಟ್ಟು ಒಬ್ಬರ ಮಾತನ್ನು ನಂಬುತ್ತಿದ್ದೇನೆ. ಈ ಫೋನನ್ನು ಕೊಳ್ಳಬೇಡಿ.'

ಅವನ ಫೋನಿಗೆ ಕರೆ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್!

"ಏನಾಯ್ತೇ?" ಎಂದರು ಟೀಚರಮ್ಮ.

ಅವಳು ಎಲ್ಲ ಹೇಳಿಬಿಟ್ಟಳು. ಟೀಚರಮ್ಮ ಹಣೆ ಚಚ್ಚಿಕೊಂಡರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದರಂತೆ. ಜ್ವರ ನಿನಗೆ, ಬರೆ ಆ ಫೋನಿಗೆ."

"ಟೀಚರ್, ನಾಳೆ ಯಾರಾದ್ರೂ ಇದನ್ನ ಸುಳ್ಳು ಅಂತ ತೋರಿಸಿದ್ರೆ ಅವರ ಹೆಸರೇ ಮಣ್ಣಾಗುತ್ತೆ. ಸೀಟ್ ಬಿಡಿ, ನಾನು ಓಡಿಸ್ತೀನಿ."

"ಈ ಗಾಬರೀಲಿ ನೀನು ಓಡಿಸಿದ್ರೆ ಎಲ್ಲಾದ್ರೂ ಗುದ್ದುತ್ತೀಯ. ಸುಮ್ನೆ ಕೂತು ದಾರಿ ಹೇಳು."

ಗಂಟೆಗೆ ಮೂವತ್ತು ಕಿಲೋಮೀಟರ್ ದಾಟದ ಟೀಚರಮ್ಮ ಅಂದು ನಲವತ್ತು ಮುಟ್ಟಿದರು. ಹಿಂದಿನವರು ಹಾರನ್ ಹೊಡೆದರೆ "ತಡೀರಪ್ಪಾ, ನಮಗೂ ಅವಸರ ಇದೆ" ಎನ್ನುತ್ತ, ಒಂದು ಕಡೆಯೂ ಗುದ್ದದೆ, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪತ್ರಿಕೆಯ ಕಟ್ಟಡದ ಮುಂದೆ ನಿಲ್ಲಿಸಿದರು.

ಮೆಟ್ಟಿಲು ಎರಡೆರಡಾಗಿ ಹತ್ತಿದಳು. ಅವನು ಸಂಪಾದಕಿಯ ಮೇಜಿನ ಪಕ್ಕ ನಿಂತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು, ಅದನ್ನು ನೋಡಿ ಅವಳಿಗೆ ಇನ್ನೂ ಸಂಕಟವಾಯಿತು.

"ಆ ಕೊನೇ ಸಾಲು ತೆಗೀರಿ. ಬ್ಯಾಟರಿ ಚೆನ್ನಾಗಿದೆ. ಮೊದಲಿಂದಲೂ ಚೆನ್ನಾಗಿದೆ. ನಾನು ಸುಳ್ಳು ಹೇಳಿದೆ."

"ಯಾಕೆ?" ಅವನ ದನಿ ಕೇಳಿಸುವಷ್ಟೂ ಇರಲಿಲ್ಲ.

"ಫೋನ್ ಸರಿ ಇದೆ ಅಂದ್ರೆ... ನೀವು ಬರೋದು ನಿಂತುಹೋಗುತ್ತೆ ಅಂತ."

ಸಂಪಾದಕಿ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಐದು ನಿಮಿಷ ಇದೆ. ಮೊದಲು ತಿದ್ದಿ."

ಅವನು ಕೂತು ತಿದ್ದಿದ. ಎದ್ದು ನಿಂತಾಗ ಅವಳ ಕಡೆ ನೋಡಲಿಲ್ಲ.

"ನನ್ನ ಮೀಟರೇ ಕೆಟ್ಟಿದೆ ಅಂತ ಇನ್ನೊಂದು ತರಿಸಿದೆ. ನನ್ನ ಕಣ್ಣಿಗೆ ಕಂಡಿದ್ದನ್ನ ಬಿಟ್ಟು ನಿಮ್ಮನ್ನ ನಂಬಿದೆ. ಫೋನ್ ಅಲ್ಲಿಟ್ಟು ಹೋಗಿ ಮೇಡಂ."

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಇಳಿಯುವಾಗ ಮೆಟ್ಟಿಲು ಮಂಜಾಗಿ ಕಾಣಿಸಿತು. ಅತ್ತಳು. ಆದರೆ ಅವನ ಬರಹ ಉಳಿಯಿತಲ್ಲ ಎಂಬ ಒಂದು ನೆಮ್ಮದಿ ಮಾತ್ರ ಎದೆಯಲ್ಲಿತ್ತು.

ಪತ್ರಿಕೆ ಬಂತು. 'ದಿನಬಳಕೆಗೆ ನಂಬಬಹುದಾದ ಫೋನು. ಅಂದವಾಗಿದೆ, ಬ್ಯಾಟರಿ ಬಾಳುತ್ತದೆ. ಮಬ್ಬಿನಲ್ಲಿ ಫೋಟೋ ಸಾಧಾರಣ. ಕೈಜಾರುತ್ತದೆ, ಕವರು ಹಾಕಿಕೊಳ್ಳಿ.' ಅವಳ ಮಾತುಗಳೇ. ಅವಳ ಸುದ್ದಿ ಇಲ್ಲ.

ಒಂದು ದಿನ, ಎರಡು ದಿನ, ಮೂರು ದಿನ... ಐದು ಗಂಟೆಗೆ ಬೆಂಚು ಖಾಲಿ. ಅಪ್ಪ ಎರಡು ಲೋಟ ಚಹಾ ತಂದು, ಒಂದನ್ನು ತಾವೇ ಕುಡಿದರು.

"ಪುಟ್ಟಿ, ತಪ್ಪು ಒಪ್ಕೊಂಡು ಬಂದೆಯಲ್ಲ, ಅದು ದೊಡ್ಡದು ಕಣಮ್ಮ. ಉಳಿದದ್ದು ಅವರಿಗೆ ಬಿಡು."

ನಾಲ್ಕನೇ ದಿನ ಬೆಳಿಗ್ಗೆ ಟೀಚರಮ್ಮ ಕಾರು ನಿಲ್ಲಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. ಅವಳು ಕೆಳಗಿಳಿದು ಕೈಸನ್ನೆ ಮಾಡುತ್ತಿದ್ದಳು. ಗೇಟಿನ ಹತ್ತಿರ ಅವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ಅವಳ ಕೈ ಗಾಳಿಯಲ್ಲೇ ನಿಂತಿತು. ಅವನು ಹತ್ತಿರ ಬಂದ. ಪುಸ್ತಕವಿಲ್ಲ, ಮೀಟರಿಲ್ಲ. ಕೈ ಎಲ್ಲಿಡುವುದೆಂದು ಗೊತ್ತಾಗದೆ ಜೇಬಿಗೆ ಹಾಕಿ, ಮತ್ತೆ ತೆಗೆದ.

"ಯಾವ ಫೋನ್ ತಂದ್ರಿ?" ಎಂದಳು ಅವಳು, ಮೆಲ್ಲಗೆ.

"ಯಾವುದೂ ಇಲ್ಲ."

"ಇನ್ನೂ ಕೋಪ ಇದೆಯಾ?"

"ಇತ್ತು. ನನ್ನ ಕೆಲಸ ನಿಮಗೆ ಆಟ ಆಯ್ತು ಅಂತ. ಆಮೇಲೆ ಯೋಚನೆ ಮಾಡಿದೆ. ಎರಡನೇ ದಿನವೇ ಮೀಟರ್ ನಿಜ ಹೇಳಿತ್ತು. ಬೇರೆ ಯಾರಾದ್ರೂ ಆಗಿದ್ರೆ ಆವತ್ತೇ 'ಇಲ್ಲಾರೀ, ಸರಿ ಇದೆ' ಅಂತ ಹೇಳಿ ಹೋಗ್ತಿದ್ದೆ." ಅವನು ಉಸಿರು ತೆಗೆದುಕೊಂಡ. "ನಿಮ್ಮ ಹತ್ರ ಹೇಳೋಕಾಗಲಿಲ್ಲ. ದಿನಾ ಬೆಳಿಗ್ಗೆ, ಇವತ್ತೂ ಫೋನ್ ಕೆಟ್ಟಿರಲಿ ದೇವರೇ ಅಂತ ಅಂದುಕೊಂಡೇ ಮನೆ ಬಿಡ್ತಿದ್ದೆ. ನೀವು ಬಾಯಿಬಿಟ್ಟು ಒಪ್ಪಿಕೊಂಡ್ರಿ. ನಾನು ಅದನ್ನೂ ಮಾಡದೆ ನಿಮ್ಮನ್ನೇ ಬೈದೆ. ತಪ್ಪಾಯ್ತು."

ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ನಗು ಬಂತು.

"ನಿಮ್ಮ ಪುಸ್ತಕದಲ್ಲಿ ನಾನು ಬರೀ ಐವತ್ತಮೂರು ಅಲ್ವಾ?"

"ಹೆಸರು ಬರೆದರೆ ಅಲ್ಲಿಂದ ಮುಂದಕ್ಕೆ ಕೈ ಓಡ್ತಿರಲಿಲ್ಲ. ನೀವಂದ್ರೆ ನನಗೆ ಇಷ್ಟ. ತುಂಬ ಇಷ್ಟ. ಇದನ್ನ ಅಳೆದು ನೋಡಿಲ್ಲ."

"ನನಗೂ," ಅಂದಳು ಅವಳು. "ಇದು ಸುಳ್ಳಲ್ಲ. ಇನ್ನು ಮೇಲೆ ನಿಮ್ಮ ಹತ್ರ ಸುಳ್ಳು ಹೇಳೋದೂ ಇಲ್ಲ."

ಕಾರಿನೊಳಗಿಂದ ಟೀಚರಮ್ಮ ಕೂಗಿದರು. "ನಾನು ಇಲ್ಲೇ ನಿಲ್ಲಿಸಲಾ, ಇನ್ನೂ ಹಿಂದಕ್ಕೆ ಬರಲಾ? ಯಾರಾದ್ರೂ ಹೇಳ್ರಪ್ಪಾ."

ಕೊನೆಗೆ ಟೀಚರಮ್ಮ ತಾವೇ ಎಂಜಿನ್ ಆರಿಸಿ, ಮುಖ ಆ ಕಡೆ ತಿರುಗಿಸಿ ಕೂತರು.

"ನಾಳೆ ಬರ್ತೀರಾ?" ಕೇಳಿದಳು ಅವಳು.

"ಏನಾದ್ರೂ ಕೆಟ್ಟಿದೆಯಾ?"

"ಇಲ್ಲ... ಎಲ್ಲ ಸರಿ ಇದೆ."

"ಹಾಗಾದ್ರೆ ಖಂಡಿತ ಬರ್ತೀನಿ."