ಅಂಚು ಸವರಿದ ಬಲೆ

ದೂರುದಾರ ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ದೂರು ಒಳಗೆ ಬಂದಿತ್ತು. ಬಂದರಿನವರೆಲ್ಲ ಅವನನ್ನು ಗಂಟಲು ಸಾಹುಕಾರ ಎನ್ನುವುದು ಸುಮ್ಮನೆ ಅಲ್ಲ. ಆತ ಗುಟ್ಟು ಹೇಳಿದರೂ ದೋಣಿ ಕಟ್ಟುವ ದಕ್ಕೆಯ ಆ ತುದಿಯವರು ತಲೆ ಎತ್ತಿ ನೋಡುತ್ತಾರೆ. ಸೋಮವಾರ ಬೆಳಿಗ್ಗೆ ಏಳೂವರೆಗೆ, ಸುರಿಯುವ ಮಳೆಯಲ್ಲಿ ಕೊಡೆಯಿಲ್ಲದೆ ಬಂದು, ಸ್ಟೇಷನ್ ರೈಟರನ ಕಾಗದಗಳ ಮೇಲೆ ನೀರು ತೊಟ್ಟಿಕ್ಕಿಸುತ್ತ ನಿಂತ.

"ಬಲೆ ಕತ್ತರಿಸಿದ್ದಾರೆ! ನನ್ನ ಹೊಸ ಬಲೆ! ಬರ್ಕೊಳ್ಳಿ!"

"ಸ್ವಲ್ಪ ಹಿಂದೆ ನಿಂತ್ಕೊಳ್ಳಿ ಸಾಹುಕಾರ್ರೇ, ಕಾಗದ ನೆನೀತಿದೆ. ಯಾರು ಕತ್ತರಿಸಿದ್ದು?"

"ನನ್ನ ಬಾಮೈದ."

"ನೀವು ನೋಡಿದ್ರಾ?"

"ನೋಡ್ಬೇಕಾ? ಹೆಂಡತಿ ತಮ್ಮ ಅಂತ ಮೂರು ವರ್ಷ ದೋಣಿಯಲ್ಲಿ ಇಟ್ಕೊಂಡೆ. ಹೋದ ತಿಂಗಳು ಜಗಳ ಆಡಿ, ಪಕ್ಕದಲ್ಲೇ ಬಾಯಿ ಬಿಡದ ಮೌನಿ ಇದ್ದಾನಲ್ಲ, ಅವನ ದೋಣಿಗೆ ಸೇರ್ಕೊಂಡ. ಈ ಎರಡು ವಾರದಲ್ಲಿ ಇದು ನಾಲ್ಕನೇ ಬಲೆ. ಸುತ್ತ ಎಲ್ಲರದ್ದೂ ಹರೀತು, ನಡುವೆ ಇರೋ ಮೌನಿ ಬಲೆ ಮಾತ್ರ ಕೂದಲು ಕೊಂಕಿಲ್ಲ. ಇನ್ನೇನು ಬೇಕು ನಿಮಗೆ?"

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬಂದಳು. ಆಕೆ ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ಠಾಣೆಯ ಹಿಂದೆ ಕ್ವಾರ್ಟರ್ಸು, ಕ್ವಾರ್ಟರ್ಸಿನಲ್ಲಿ ಒಂದು ಮಂಚ, ಮಂಚದ ಕಾಲ ಬಳಿ ಸೋರುವ ನೀರಿಗೊಂದು ಬಕೆಟ್ಟು. ಈ ಊರಿನಲ್ಲಿ ಆಕೆ ಕೇಸಿನ ಹೊರತು ಯಾರ ಜೊತೆಗೂ ಬೇರೆ ಮಾತಾಡಿರಲಿಲ್ಲ. ಹಾಗಾಗಿ ಕೇಸು ಎಷ್ಟೇ ಸಣ್ಣದಿರಲಿ, ಪೂರ್ತಿ ಕೇಳುತ್ತಿದ್ದಳು.

"ಉಳಿದ ಮೂವರು ಯಾಕೆ ದೂರು ಕೊಡಲಿಲ್ಲ?"

"ಇಲಿ ಕಡೀತೋ, ಮೊಳೆಗೆ ಸಿಕ್ಕಿತೋ ಅಂದ್ಕೊಂಡು ಹೊಟ್ಟೆಗೆ ಹಾಕ್ಕೊಂಡ್ರು. ನಾನು ಹಾಕ್ಕೊಳ್ಳೋನಲ್ಲ. ಶುಕ್ರವಾರ ಮಳೆಗಾಲದ ನಿಷೇಧ ಮುಗೀತದೆ, ಎಲ್ಲ ದೋಣಿಗಳೂ ಕಡಲಿಗೆ ಇಳೀತಾವೆ. ಹೊಸ ಬಲೆ ತರಿಸೋಕೆ ಟೈಮಿಲ್ಲ. ನಾನೇನು ದಡದಲ್ಲಿ ಕೂತು ಕೈ ಬೀಸಲಾ?"

ಎಂಟೂ ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆಸ್ತಿಗೆ ಉದ್ದೇಶಪೂರ್ವಕ ಹಾನಿ. ಆರೋಪಿಯ ಜಾಗದಲ್ಲಿ ರೈಟರ್ ಬಾಮೈದನ ಹೆಸರು ಬರೆಯಲು ಹೊರಟಾಗ ಇನ್‌ಸ್ಪೆಕ್ಟರ್ ಅವನ ಪೆನ್ನಿನ ಮೇಲೆ ಬೆರಳಿಟ್ಟು, 'ಅಪರಿಚಿತ' ಎಂದು ಬರೆಸಿದಳು. ಗಂಟಲು ಸಾಹುಕಾರ ಹಲ್ಲು ಕಡಿದ.

ಸ್ಥಳ ಪಂಚನಾಮೆ ಒಂಬತ್ತಕ್ಕೆ ನಡೆಯಿತು. ದಕ್ಕೆಯುದ್ದಕ್ಕೂ ದೋಣಿಗಳು ಮೈಗೆ ಮೈ ತಾಗಿಸಿ ನಿಂತಿದ್ದವು. ಅವುಗಳೆದುರು ತಗಡಿನ ಮಾಡಿನ ಕೆಳಗೆ ಬಲೆಗಳ ರಾಶಿ. ಐಸು ಹೊರುವವನೊಬ್ಬ ಮತ್ತು ಟೀ ಅಂಗಡಿಯಾಕೆ ಪಂಚರಾಗಿ ನಿಂತರು. ಅಂಗಡಿಯಾಕೆ ಸಹಿ ಹಾಕುವ ತನಕ ಒಲೆಯ ಕಡೆಗೇ ನೋಡುತ್ತಿದ್ದಳು. ಸಾಹುಕಾರನ ಬಲೆ ಕಿತ್ತಳೆ ಬಣ್ಣದ ದಾರದ್ದು, ದಕ್ಕೆಯಲ್ಲೇ ಆ ಬಣ್ಣದ್ದು ಅದೊಂದೇ. ಇನ್ನೂ ಒಮ್ಮೆಯೂ ನೀರು ಕಂಡಿರಲಿಲ್ಲ. ದಫೇದಾರ ಅದನ್ನು ಎಳೆದು ಹಿಡಿದಾಗ ನಡುವೆ ಒಂದು ಮಾರು ಉದ್ದದ ಬಾಯಿ ತೆರೆಯಿತು. ಸುತ್ತಲಿನ ದಪ್ಪ ಹಗ್ಗಕ್ಕೆ ಮಾತ್ರ ಚಾಕು ತಾಗಿರಲಿಲ್ಲ.

"ಇದನ್ನ ರಿಪೇರಿ ಮಾಡೋರು ಯಾರು?" ಎಂದು ಇನ್‌ಸ್ಪೆಕ್ಟರ್ ಕೇಳಿದಳು.

"ಬಲೆಯಜ್ಜ. ಅವನೊಬ್ಬನೇ ಉಳಿದಿರೋದು," ಎಂದ ದಫೇದಾರ.

ಕರೆ ಕಳಿಸಿದ್ದೇ ತಡ, ಅಜ್ಜ ಬಂದ. ಎಲುಬು ಮತ್ತು ಹಳೇ ರೇನ್‌ಕೋಟು, ಅಷ್ಟೇ ಆಸಾಮಿ. ಬಲೆಯನ್ನು ಮಡಿಲಿಗೆ ಎಳೆದುಕೊಂಡು ಹರಿದ ಜಾಗದ ಮೇಲೆ ಬೆರಳು ಓಡಿಸಿದ.

"ಹೆಚ್ಚೇನಿಲ್ಲ ಮೇಡಂ. ಅಂಚು ಸವರೋ ಕೆಲಸಾನೂ ಇಲ್ಲ, ನೇರ ಹೆಣೆದುಬಿಡಬಹುದು. ಬೆಳಿಗ್ಗೆ ಕೂತ್ರೆ ಸಂಜೆಗೆ ಆಯ್ತು. ಸಾಹುಕಾರ್ರು ಬಂದು ಆ ಕಡೆ ತುದಿ ಹಿಡ್ಕೊಂಡು ಕೂರಬೇಕು, ಅಷ್ಟೇ. ಈಗಲೇ ಶುರು ಮಾಡೋಣವಾ?"

"ಈಗ ಬೇಡ. ಎರಡು ದಿನ ಇದನ್ನ ಯಾರೂ ಮುಟ್ಟಬಾರದು."

"ಎರಡು ದಿನವಾ?" ಅಜ್ಜನ ಮುಖ ಸಪ್ಪಗಾಯಿತು. ಅವನು ಹೇಳಿದ್ದೆಲ್ಲವನ್ನೂ ರೈಟರ್ ಪಂಚನಾಮೆಯಲ್ಲಿ ಹೇಳಿದಂತೆಯೇ ಬರೆದುಕೊಂಡ. ಅಂಚು ಸವರುವುದೆಂದರೇನು ಎಂದು ಕೇಳುವುದು ಯಾರಿಗೂ ತೋಚಲಿಲ್ಲ.

ಮಂಗಳವಾರ ಬೆಳಿಗ್ಗೆ ಸಾಹುಕಾರನ ಹೆಂಡತಿ ಠಾಣೆಗೆ ಬಂದಳು. ಗಂಡನ ಗಂಟಲಿನ ಕಾಲು ಭಾಗವೂ ಆಕೆಗಿರಲಿಲ್ಲ. ಹಿಂದೆ ಅವಳ ತಮ್ಮ ನಿಂತಿದ್ದ. ಎಡಗೈಗೆ ಬಟ್ಟೆ ಸುತ್ತಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು.

"ನಿನ್ನೆ ಸಂಜೆ ನಮ್ಮ ಯಜಮಾನರ ದೋಣಿ ಹುಡುಗರು ಇವನಿಗೆ ಹೊಡೆದಿದ್ದಾರೆ ಮೇಡಂ. ಒಂದು ಕಡೆ ಗಂಡ, ಒಂದು ಕಡೆ ತಮ್ಮ. ನಾನು ಯಾರ ಮುಖ ನೋಡ್ಲಿ? ಹೆಸರು ಸರಿಹೋಗೋವರೆಗೂ ದೋಣಿ ಹತ್ತಬೇಡ ಅಂತ ಮೌನಿ ಹೇಳಿ ಕಳಿಸಿದ್ದಾರೆ. ಶುಕ್ರವಾರ ಇವನು ದಡದಲ್ಲೇ ನಿಂತುಬಿಟ್ರೆ, ಆಮೇಲೆ ಯಾವ ದೋಣಿಯವರೂ ಕರೆಯೋಲ್ಲ. ಕಳ್ಳ ಅನ್ನೋ ಹೆಸರಿಗಿಂತ ಬಲೆ ಹರಿದವನು ಅನ್ನೋ ಹೆಸರು ಕೆಟ್ಟದ್ದು ಇಲ್ಲಿ."

ಇನ್‌ಸ್ಪೆಕ್ಟರ್ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ತಮ್ಮನನ್ನು ಒಳಗೆ ಕರೆದಳು.

"ಭಾನುವಾರ ರಾತ್ರಿ ಎಲ್ಲಿದ್ದೆ?"

"ಮನೇಲಿ. ಒಬ್ಬನೇ."

"ಭಾವನ ಮೇಲೆ ಸಿಟ್ಟಿದೆಯಾ?"

"ಇದೆ. ಅದಕ್ಕೆ ಅವರ ಮುಖದ ಮೇಲೇ ಬೈದು ಬಂದೆ. ಬಲೆ ಏನು ಮಾಡಿತ್ತು ನನಗೆ?"

"ಹೊಡೆದವರ ಮೇಲೆ ದೂರು ಕೊಡ್ತೀಯಾ?"

"ಬೇಡ. ಅಕ್ಕ ಆ ಮನೇಲಿ ಬಾಳಬೇಕು."

ಇನ್‌ಸ್ಪೆಕ್ಟರ್ ಗುಜರಿಯಿಂದ ತರಿಸಿದ್ದ ಹಳೇ ಬಲೆಯನ್ನು ಹಿತ್ತಲಿನ ಕಂಬಕ್ಕೆ ಕಟ್ಟಿಸಿ, ಅವನ ಬಲಗೈಗೆ ಚಾಕು ಕೊಟ್ಟಳು. "ಸಿಟ್ಟು ಬಂದಿದೆ ಅಂದ್ಕೋ. ಕತ್ತರಿಸು."

ಅವನು ಒಮ್ಮೆ ಅವಳನ್ನು ನೋಡಿ, ಎರಡೇ ಏಟಿಗೆ ಸೀಳಿದ. ಬಲೆ ಓರೆಯಾಗಿ ಹರಿದು, ಅರ್ಧ ತುಂಡಾದ ಎಳೆಗಳು ಎಲ್ಲೆಲ್ಲೋ ಜೋತಾಡಿದವು. ಇನ್‌ಸ್ಪೆಕ್ಟರ್ ಸಾಹುಕಾರನ ಬಲೆಯ ಫೋಟೊವನ್ನು ಪಕ್ಕಕ್ಕೆ ಹಿಡಿದಳು. ಅದರಲ್ಲಿ ಒಂದು ಎಳೆಯೂ ಜೋತಾಡುತ್ತಿರಲಿಲ್ಲ. ಒಂದೊಂದು ಗಂಟಿನ ಪಕ್ಕಕ್ಕೇ ನೋಡಿ, ಎಣಿಸಿ ಕತ್ತರಿಸಿದ ಹಾಗಿತ್ತು.

"ಅಂಚು ಸವರೋದು ಅಂದ್ರೇನು?"

"ಹರಿದ ಬಲೆ ಹೆಣೆಯೋ ಮುಂಚೆ ಈ ಜೋತಾಡೋ ಎಳೆಯೆಲ್ಲ ಗಂಟಿನ ಹತ್ತಿರಕ್ಕೆ ಕತ್ತರಿಸ್ಬೇಕು ಮೇಡಂ. ಆಗ ದಾರ ಎಲ್ಲೂ ನಿಲ್ಲದೆ ಒಂದೇ ಓಟದಲ್ಲಿ ಹೋಗುತ್ತೆ." ಅವನು ಫೋಟೊ ಇಸಿದುಕೊಂಡ. "ಇದು ಸವರಿ ಆಗಿದೆಯಲ್ಲ?"

"ಯಾರೂ ಸವರಿಲ್ಲ. ನಿನ್ನೆ ಬೆಳಿಗ್ಗೆ ಸಿಕ್ಕಿದಾಗಲೇ ಹೀಗಿತ್ತು."

"ಹರಿಯೋನು ಯಾಕೆ ಅಂಚು ನೋಡ್ತಾನೆ? ಅಂಚು ನೋಡೋನು ಹೆಣೆ..." ಅವನು ಅಲ್ಲಿಗೇ ನಿಲ್ಲಿಸಿದ. ಕೈಗೆ ಸುತ್ತಿದ್ದ ಬಟ್ಟೆಯನ್ನು ಬಹಳ ಹೊತ್ತು ನೋಡಿಕೊಂಡ.

"ಈ ಪಟ್ಟಿ ಕಟ್ಟಿದ್ದು ಯಾರು?"

"ಅಜ್ಜ. ನಿನ್ನೆ ಹೊಡೆತ ತಿಂದು ಬಿದ್ದಿದ್ದಾಗ ಅವನೇ ಬಂದು ಶೆಡ್ಡಿಗೆ ಕರ್ಕೊಂಡು ಹೋದ. ಗಾಯ ತೊಳೆದ. ಊಟ ಹಾಕ್ದ. ಹೋಗ್ತೀನಿ ಅಂದ್ರೂ ಬಿಡ್ಲಿಲ್ಲ, ಅದೂ ಇದೂ ಮಾತಾಡ್ತಾ ಕೂತಿದ್ದ."

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತು ದಫೇದಾರ ಉಳಿದ ಮೂವರು ಬಲೆ ಮಾಲೀಕರನ್ನು ಹುಡುಕಿಕೊಂಡು ಹೊರಟರು. ಒಬ್ಬ, ಕವುಚಿ ಹಾಕಿದ ದೋಣಿಯ ಕೆಳಗೆ ಕೂತು ಅದರ ತಳಕ್ಕೆ ಬಣ್ಣ ಬಳಿಯುತ್ತಿದ್ದ. ಬಲೆಯ ವಿಷಯ ಕೇಳಿದರೆ ತನ್ನ ಮದುವೆಯ ವಿಷಯದಿಂದ ಶುರುಮಾಡಿದ. ಇನ್ನೊಬ್ಬ ಮಳೆಯಲ್ಲೇ ನಿಂತು ಇವರನ್ನೂ ಮಳೆಯಲ್ಲೇ ನಿಲ್ಲಿಸಿ, ಎಂಜಿನ್ ಕೆಟ್ಟ ಕತೆಯನ್ನು ಮೊದಲಿನಿಂದ ಹೇಳಿದ. ಮೂರನೆಯವಳು ಗಂಡ ಸತ್ತ ಮೇಲೆ ತಾನೇ ದೋಣಿ ನಡೆಸುವ ಹೆಂಗಸು. ಅವಳ ಬಾಯಿಯಿಂದ ತಪ್ಪಿಸಿಕೊಂಡು ಬರುವಷ್ಟರಲ್ಲಿ ದಫೇದಾರನ ಬೂಟಿನೊಳಗೆ ನೀರು ನಿಂತಿತ್ತು. ಮೂವರೂ ಹೇಳಿದ್ದು ಒಂದೇ: ಅಜ್ಜ ಹೆಣೆದುಕೊಟ್ಟ, ಇಡೀ ದಿನ ತುದಿ ಹಿಡಿದು ಕೂತಿದ್ದೆವು, ಪುಣ್ಯಾತ್ಮ ಎಷ್ಟು ಹೇಳಿದರೂ ಕೇಳುತ್ತಾನೆ.

"ಒಂದು ಗಮನಿಸಿದ್ರಾ ಮೇಡಂ?" ದಫೇದಾರ ಬೂಟು ಬೋರಲು ಹಾಕುತ್ತ ಹೇಳಿದ. "ನಾಲ್ಕೂ ಜನ ಬಾಯಿಗೆ ಬೀಗ ಇಲ್ಲದವರು. ಕತ್ತರಿಸಿದವನು ಬಂದರಿನ ವಾಚಾಳಿಗಳನ್ನೇ ಆರಿಸಿಕೊಂಡ ಹಾಗಿದೆ. ಮೌನಿ ಬಲೆಗೆ ಯಾಕೆ ಕೈ ಹಾಕ್ಲಿಲ್ಲ ಅಂತ ಈಗ ಗೊತ್ತಾಯ್ತು." ಹೇಳುತ್ತಾ ನಕ್ಕವನು, ಇನ್‌ಸ್ಪೆಕ್ಟರ್ ನಗದಿದ್ದದ್ದನ್ನು ನೋಡಿ ಬೂಟನ್ನು ಮತ್ತೆ ಕಾಲಿಗೇರಿಸಿದ.

ಬುಧವಾರ ಹತ್ತು ಗಂಟೆಗೆ ಆಕೆ ಗುಜರಿಯ ಬಲೆಯನ್ನು ಹೊರಿಸಿಕೊಂಡು ಅಜ್ಜನ ಶೆಡ್ಡಿಗೆ ಹೋದಳು. ಉದ್ದನೆಯ ಶೆಡ್ಡು. ಗೋಡೆಯುದ್ದಕ್ಕೂ ಐದು ಮಣೆಗಳು, ನಾಲ್ಕರ ಮೇಲೆ ಧೂಳು. ದಫೇದಾರ ಮತ್ತು ಮೊದಲಿನ ಪಂಚರಿಬ್ಬರು ಬಾಗಿಲ ಹೊರಗೆ ನಿಂತರು.

"ಇದನ್ನ ಹೆಣೆದು ತೋರಿಸ್ತೀರಾ ಅಜ್ಜ? ತುದಿ ನಾನು ಹಿಡ್ಕೊಳ್ತೀನಿ."

ಅಜ್ಜನಿಗೆ ಹಿಗ್ಗೇ ಹಿಗ್ಗು. ಮಣೆ ಒರೆಸಿಕೊಟ್ಟ. ಕಿರುಚಾಕು ತೆಗೆದು ಜೋತಾಡುವ ಎಳೆಗಳನ್ನು ಸವರಿದ, ಹೆಣೆಯುವ ಕಡ್ಡಿಗೆ ದಾರ ಸುತ್ತಿದ, ಗಂಟು ಹಾಕತೊಡಗಿದ. ಕೈ ತನ್ನ ಪಾಡಿಗೆ ಓಡುತ್ತಿತ್ತು. ಮೇಡಂ ಯಾವ ಊರಿನವರು, ತಾಯಿ ಇದ್ದಾರಾ, ಈ ಮಳೆ ಒಗ್ಗುತ್ತದಾ ಎಂದು ಬಾಯಿ ತನ್ನ ಪಾಡಿಗೆ ಕೇಳುತ್ತಿತ್ತು. ಆಕೆ ಎಲ್ಲಕ್ಕೂ ಉತ್ತರ ಹೇಳಿದಳು. ತಾಯಿಯ ಮೊಣಕಾಲು ನೋವಿನ ವಿಷಯವನ್ನೂ ಹೇಳಿದಳು. ಹೇಳಿದ ಮೇಲೆ ಮನಸ್ಸು ಹಗುರಾಯಿತು, ಹಗುರಾದದ್ದಕ್ಕೆ ತನ್ನ ಮೇಲೇ ಬೇಸರವಾಯಿತು.

ಅವನ ಬೆನ್ನ ಹಿಂದಿನ ಕಂಬದಲ್ಲಿ ಎರಡು ಕಬ್ಬಿಣದ ಕೊಕ್ಕೆಗಳಿದ್ದವು.

"ಅಜ್ಜ, ಆ ಕೊಕ್ಕೆ ಯಾತಕ್ಕೆ?"

"ಬಲೆ ತುದಿ ಸಿಕ್ಕಿಸೋಕೆ."

"ಹಾಗಾದ್ರೆ ಹಿಡ್ಕೊಳ್ಳೋಕೆ ಇನ್ನೊಬ್ರು ಯಾಕೆ? ಕೊಕ್ಕೆ ಸಾಲದಾ?"

"ಕೊಕ್ಕೆ ಮಾತಾಡುತ್ತಾ ಮೇಡಂ?"

ಹೇಳಿದವನು ನಗುತ್ತಿದ್ದ. ಎದುರಿನ ಮುಖ ನೋಡಿ ನಗು ನಿಂತಿತು, ಕಡ್ಡಿಯೂ ನಿಂತಿತು. ತಗಡಿನ ಮೇಲೆ ಮಳೆ ಮಾತ್ರ ನಿಲ್ಲಲಿಲ್ಲ.

"ಆ ಚಾಕು ಕೊಡಿ."

ಪಂಚರ ಸಮಕ್ಷಮ ಚಾಕು ಜಪ್ತಿಯಾಯಿತು. ಹಿಡಿಯ ಸಂದಿಯಲ್ಲಿ ಕಿತ್ತಳೆ ದಾರದ ಎರಡು ಎಳೆ ಸಿಕ್ಕಿಕೊಂಡಿದ್ದವು. ಆ ಬಲೆಯನ್ನು ಅಜ್ಜ ಇನ್ನೂ ಹೆಣೆಯಲು ಮುಟ್ಟಿರಲಿಲ್ಲ. ಅವನು ವಾದಿಸಲೂ ಇಲ್ಲ.

"ಐದು ಜನ ಇದ್ವಿ ಮೇಡಂ ಇಲ್ಲಿ. ಮಳೆ ಬಂತು ಅಂದ್ರೆ ಇಡೀ ದಕ್ಕೆ ಈ ಮಾಡಿನ ಕೆಳಗೇ ಇರ್ತಿತ್ತು. ಈಗ ಬಲೆ ಹರಿದ್ರೆ ಬಿಸಾಕ್ತಾರೆ, ಹೊಸದು ತರ್ತಾರೆ. ಇಬ್ರು ಸತ್ರು, ಇಬ್ರು ಮಕ್ಕಳ ಹತ್ರ ಹೋದ್ರು. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಈ ಸಲ ಮಳೆ ಶುರುವಾದ ಮೇಲೆ ಒಂದು ದಿನ ಟೀ ಅಂಗಡಿಗೆ ಹೋಗಿ, ಟೀ ಕೊಡಮ್ಮ ಅಂತ ಬಾಯಿ ತೆಗೆದ್ರೆ ದನಿನೇ ಬರ್ಲಿಲ್ಲ. ಎಷ್ಟು ದಿನದಿಂದ ಮಾತಾಡಿಲ್ಲ ಅಂತ ಲೆಕ್ಕ ಹಾಕ್ದೆ, ಗೊತ್ತಾಗ್ಲಿಲ್ಲ. ಕೆಮ್ಮಿ ಕೆಮ್ಮಿ ಕೈ ತೋರಿಸಿ ಟೀ ತಗೊಂಡೆ. ಅವತ್ತೇ ಮೊದಲನೇ ಬಲೆ ಕತ್ತರಿಸಿದ್ದು."

ಹೊರಗೆ ಟೀ ಅಂಗಡಿಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೀವು ಮಾಡಿದ್ದಕ್ಕೆ ಆ ಹುಡುಗ ಹೊಡೆತ ತಿಂದ," ಎಂದಳು ಇನ್‌ಸ್ಪೆಕ್ಟರ್. ದನಿ ಗಟ್ಟಿಯಾಗಿಯೇ ಇತ್ತು. ಸಿಟ್ಟು ನಿಜವಾಗಿಯೇ ಬಂದಿತ್ತು. "ಅವನ ಕೈಗೆ ಪಟ್ಟಿ ಕಟ್ಟಿ ಇದೇ ಶೆಡ್ಡಲ್ಲಿ ಕೂರಿಸಿಕೊಂಡಿದ್ರಿ. ಆಗಲಾದ್ರೂ ಯಾಕೆ ಹೇಳ್ಲಿಲ್ಲ?"

ಅಜ್ಜ ತನ್ನ ಅಂಗೈ ನೋಡಿಕೊಂಡ.

"ಹೇಳಿದ್ರೆ ಅವನು ಎದ್ದು ಹೋಗ್ತಿದ್ದ ಮೇಡಂ."

ಹನ್ನೊಂದೂವರೆಗೆ ಅಜ್ಜನನ್ನು ಬಂಧಿಸಿ ಜೀಪಿನಲ್ಲಿ ಠಾಣೆಗೆ ತಂದರು. ಸುದ್ದಿ ದಕ್ಕೆಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಂಟಲು ಸಾಹುಕಾರ ಬಂದು, ಅಷ್ಟರಲ್ಲೇ ಸುದ್ದಿ ಕೇಳಿ ಬಂದಿದ್ದ ಬಾಮೈದನನ್ನು ಬಾಗಿಲ ಮರೆಗೆ ಕರೆದು ಏನೋ ಹೇಳಿದ. ಅವನು ಹೇಳಿದ್ದು ಒಳಗಿದ್ದವರಿಗೆ ಕೇಳಿಸಲಿಲ್ಲ, ಹಾಗಾದದ್ದು ಅದೇ ಮೊದಲು. ಮೌನಿ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತು "ಬಾ" ಎಂದ. ಬಾಮೈದ ಹೊರಟ. ಅಜ್ಜ ಕೂತಿದ್ದ ಬೆಂಚಿನ ಪಕ್ಕದಲ್ಲೇ ಹಾದುಹೋದರೂ ಅವನ ಕಡೆ ತಿರುಗಿ ನೋಡಲಿಲ್ಲ. ಅಜ್ಜ ಮಾತ್ರ ಅವನು ಗೇಟು ದಾಟುವವರೆಗೂ ಕತ್ತು ಚಾಚಿ ನೋಡುತ್ತಿದ್ದ.

ಹೇಳಿಕೆ ಬರೆದುಕೊಳ್ಳುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಬೇಕಾದದ್ದಕ್ಕಿಂತ ಬೇಡದ್ದೇ ಹೆಚ್ಚಿತ್ತು. ರೈಟರ್ ಎರಡು ಸಲ ಪೆನ್ನು ಕೆಳಗಿಟ್ಟು ಇನ್‌ಸ್ಪೆಕ್ಟರ್ ಮುಖ ನೋಡಿದ, ಎರಡು ಸಲವೂ ಆಕೆ ಬರೆ ಎಂದು ಸನ್ನೆ ಮಾಡಿದಳು. ಅಜ್ಜ ದಫೇದಾರನ ಬೂಟಿನ ಹೊಲಿಗೆ ಬಿಚ್ಚಿದ್ದನ್ನು ಕಂಡು, ದಾರ ಕೊಟ್ಟರೆ ಹೊಲಿದುಕೊಡುತ್ತೇನೆ ಎಂದ. ಪೇದೆಯೊಬ್ಬ ಟೀ ತಂದ. ಸಂಜೆ ಐದಕ್ಕೆ ಆಕೆ ಕೊನೆಯ ಹಾಳೆಯನ್ನು ಅವನ ಮುಂದೆ ಸರಿಸಿದಳು.

"ಇದು ಜಾಮೀನು ಸಿಗೋ ಅಪರಾಧ ಅಜ್ಜ. ಇಲ್ಲಿ ಹೆಬ್ಬೆಟ್ಟು ಒತ್ತಿ. ಕೋರ್ಟು ಕರೆದಾಗ ಬಂದ್ರಾಯ್ತು. ಈಗ ನೀವು ಹೋಗಬಹುದು."

ಅಜ್ಜ ಹೆಬ್ಬೆಟ್ಟು ಒತ್ತಿದ. ಎದ್ದು ನಿಲ್ಲಲಿಲ್ಲ. ರೈಟರನ ಕಡೆ ನೋಡಿದ, ಬೂಟು ಒಣಗಿಸುತ್ತಿದ್ದ ದಫೇದಾರನ ಕಡೆ ನೋಡಿದ, ಹೊರಗಿನ ಮಳೆಯ ಕಡೆ ನೋಡಿದ.

"ಇವತ್ತೇ ಹೋಗಬೇಕಾ ಮೇಡಂ?"

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿ, ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.